ಚಪಡ ಆ ರಾತ್ರಿ ಎಲ್ಲಿ ಮಲಗಿದ್ದ?

ಇದು ಉದ್ದದ ಬರಹ. ಲೈಕ್ ಒತ್ತಿ ಮುಂದೆ ಹೋಗೋರು ಹೋಗಿ, ಪುರುಸೊತ್ತು ಇರೋರು ಕೂತು ಓದಿ.

ನಮ್ಮ ಚಿತ್ರದುರ್ಗ ಜಿಲ್ಲೆಗೆ ಈಗ ಹೋಂ ಸ್ಟೇ ಸುಗ್ಗಿ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ ತೋಟದ ಒಳಗೆ, ಹಿರಿಯೂರಿನ ವಾಣಿವಿಲಾಸ ಸಾಗರದ ಹಿನ್ನೀರಿನ ಆಜುಬಾಜು, ದುರ್ಗದ ಕೋಟೆ ಕಣ್ಣಿಗೆ ಬೀಳೋ ಕಡೆ, ಅಲ್ಲಲ್ಲಿ ಬೋರ್ಡು ಎದ್ದಿವೆ. 2022ರಲ್ಲಿ 89 ವರ್ಷ ಆದ್ಮೇಲೆ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಅವತ್ತಿನಿಂದ ಶನಿವಾರ ಬಂತು ಅಂದ್ರೆ ಬೆಂಗಳೂರು ಕಾರುಗಳದೇ ದರ್ಬಾರು. "ಹಳ್ಳಿ ಸೊಗಡು, ಪಕ್ಕದಲ್ಲೇ ಇತಿಹಾಸ" ಅನ್ನೋ ಥರದ ಜಾಹೀರಾತು. ತಪ್ಪೇನಿಲ್ಲ. ಒಣ ಜಿಲ್ಲೆ ನಮ್ಮದು, ನಾಲ್ಕು ಜನ ಬಂದು ನಾಲ್ಕು ಕಾಸು ಬಿಟ್ಟು ಹೋದರೆ ಒಳ್ಳೇದೇ. ನಾನು ಕೇಳ್ತಿರೋದು ಬೇರೆ. ಹಳೇ ಕಲ್ಲು, ಹಳೇ ಕೋಟೆ ನೋಡೋಕೆ ಬಂದೋನು ರಾತ್ರಿ ಎಲ್ಲಿ ಮಲಗಿದ, ಯಾರ ತಟ್ಟೇಲಿ ಉಂಡ, ಅವನು ಮಲಗಿದ ಮನೆಯ ಅಂಗಳ ಗುಡಿಸಿದ್ದು ಯಾರು? ಇದಕ್ಕೂ ಒಂದು ಚರಿತ್ರೆ ಐತೆ. ಯಾವ ಗೈಡೂ ಅದನ್ನ ಹೇಳಲ್ಲ. ಬಿ.ಎ.ನಲ್ಲಿ ನಾನು ಇತಿಹಾಸವನ್ನೇ ಓದಿದ್ದು, ನಮ್ಮ ಸಿಲಬಸ್ಸಿನಲ್ಲೂ ಇರಲಿಲ್ಲ.

ಮೊದಲಿಂದ ಶುರು ಮಾಡ್ತೀನಿ. ಅಂದ್ರೆ ಅಶೋಕನಿಂದ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಕಿರು ಶಿಲಾಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆ ಮಾಡಿದ್ದು. ಕ್ರಿ.ಪೂ. 3ನೇ ಶತಮಾನದ ಬರಹ, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಇಲ್ಲಿ ಅಶೋಕ ಅನ್ನೋ ಹೆಸರಿಲ್ಲ, ದೇವಾನಾಂಪ್ರಿಯ ಅಂತ ಮಾತ್ರ ಐತೆ. ಹೆಸರು ಸ್ಪಷ್ಟವಾಗಿ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಗುಮಾಸ್ತನಾಗಿ ಈ ಶಾಸನ ಓದಿದರೆ ನಗು ಬರುತ್ತೆ. ಯಾಕಂದ್ರೆ ಇದು ಪಕ್ಕಾ ಸರ್ಕಾರಿ ಸುತ್ತೋಲೆ. ಸುವರ್ಣಗಿರಿಯಲ್ಲಿರೋ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ. ವಿಷಯಕ್ಕೆ ಬರೋ ಮುಂಚೆ ಆರೋಗ್ಯ ವಿಚಾರಿಸ್ತಾರೆ. ನಮ್ಮ ಮೇಲಿನ ಕಚೇರಿಗಳು ಆ ಅಭ್ಯಾಸ ಬಿಟ್ಟು ಬಹಳ ಕಾಲ ಆಯ್ತು. ಆ ಇಸಿಲ ಅಂದ್ರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಊರು. ಆಮೇಲೆ ವಿಷಯ. ಧರ್ಮದ ದಾರೀಲಿ ಪ್ರಯತ್ನಪಟ್ಟರೆ ಫಲ ಸಿಗುತ್ತೆ; ಅದು ದೊಡ್ಡವರಿಗೆ ಮಾತ್ರ ದಕ್ಕೋದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗ ಮುಟ್ಟಬಹುದು ಅಂತ ಅದರ ತಾತ್ಪರ್ಯ. ಆ 'ಸಣ್ಣವ'ನಿಗೆ ಅಲ್ಲಿರೋ ಪದ 'ಖುದಕ'. ನಮ್ಮ ಜಿಲ್ಲೆಯ ಅತ್ಯಂತ ಹಳೇ ಬರಹದಲ್ಲಿ ಖುದಕನ ಹೆಸರೈತೆ ಅನ್ನೋದನ್ನ ನಮ್ಮ ಹುಡುಗರು ನೆನಪಿಡಬೇಕು. ತಂದೆ ತಾಯಿ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಗುರುವನ್ನ ಗೌರವಿಸಿ ಅಂತಾನೂ ಐತೆ.

ಕೊನೇಲಿ ಒಂದು ಸಹಿ ಐತೆ. ಬರೆದವನು ಚಪಡ. 'ಲಿಪಿಕರ' ಅಂತ ತನ್ನ ಹುದ್ದೆ ಹಾಕ್ಕೊಂಡಿದ್ದಾನೆ, ಅಂದ್ರೆ ಬರೆಯೋನು, ಗುಮಾಸ್ತ, ನನ್ನ ಕಸುಬಿನವನು. ಶಾಸನ ಪೂರಾ ಬ್ರಾಹ್ಮಿಯಲ್ಲಿ ಬರೆದು, ಈ ಲಿಪಿಕರ ಅನ್ನೋ ಪದವನ್ನ ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಬ್ರಾಹ್ಮಿ ಎಡದಿಂದ ಬಲಕ್ಕೆ ಹೋದರೆ ಖರೋಷ್ಠಿ ಬಲದಿಂದ ಎಡಕ್ಕೆ. ಅದು ಗಾಂಧಾರದ ಕಡೆ, ಈಗಿನ ಪೇಶಾವರ, ತಕ್ಷಶಿಲೆ ಕಡೆ ನಡೀತಿದ್ದ ಲಿಪಿ. ಮೊಳಕಾಲ್ಮೂರಿನ ಜನಕ್ಕೆ ಅದು ಓದೋಕೆ ಬರೋ ಮಾತೇ ಇಲ್ಲ. ಸುಮ್ಮನೆ ತನ್ನ ಊರಿನ ಗುರುತು ಬಿಟ್ಟು ಹೋಗಿದ್ದಾನೆ. ಅವನೇ ಆ ಕಡೆಯಿಂದ ಬಂದವನಿರಬೇಕು, ಇಲ್ಲಾ ಅಲ್ಲಿ ಕಲಿತವನಿರಬೇಕು ಅಂತ ತಿಳಿದವರ ಊಹೆ.

ಈಗ ನನ್ನ ಪ್ರಶ್ನೆ. ಅಷ್ಟು ದೂರದಿಂದ ಬಂದ ಗುಮಾಸ್ತ, ಒಂದಲ್ಲ ಮೂರು ಬಂಡೆಗಳ ಹತ್ರ ಕೆಲಸ ಮಾಡಿದೋನು, ರಾತ್ರಿ ಎಲ್ಲಿ ಮಲಗಿದ್ದ? ಯಾರ ಮನೇಲಿ ಉಂಡ? ಅವನ ಜಾತಿ ಯಾವುದು ಅಂತ ಯಾರಾದರೂ ಕೇಳಿದ್ರಾ?

ತಮಾಷೆ ಪ್ರಶ್ನೆ ಅಲ್ಲ ಇದು. ಈ ಶಾಸನವೇ ಪ್ರಯಾಣದ ಶಾಸನ. ಅದರಲ್ಲಿ 256 ಅನ್ನೋ ಅಂಕಿ ಐತೆ. ಅದೇನು ಅಂತ ಬಹಳ ದಿನ ಜಗಳ ನಡೀತು. ಕೊನೆಗೆ ಹೆಚ್ಚಿನ ವಿದ್ವಾಂಸರು ಒಪ್ಪಿಕೊಂಡ ಅರ್ಥ ಏನಂದ್ರೆ, ಮನೆ ಬಿಟ್ಟು ಪ್ರವಾಸದಲ್ಲಿ ಕಳೆದ 256 ರಾತ್ರಿಗಳು. ಚಕ್ರವರ್ತಿ ಎಂಟೂವರೆ ತಿಂಗಳು ಹೊರಗೇ ಮಲಗಿದ್ದಾನೆ. ರಾತ್ರಿ ಲೆಕ್ಕ ಇಟ್ಟೋನಿಗೆ ದಾರಿಯ ಕಷ್ಟ ಗೊತ್ತಿರುತ್ತೆ. ಮುಂದೆ ಅದೇ ಅಶೋಕ 7ನೇ ಸ್ತಂಭ ಶಾಸನದಲ್ಲಿ, ಅದು ಈಗ ದೆಹಲಿಯಲ್ಲೈತೆ, ದಾರಿಗುಂಟ ಆಲದ ಮರ ಹಾಕಿಸಿದೆ, ಮಾವಿನ ತೋಪು ಮಾಡಿಸಿದೆ, ಬಾವಿ ತೋಡಿಸಿದೆ, ತಂಗುದಾಣ ಕಟ್ಟಿಸಿದೆ, ಅರವಟ್ಟಿಗೆ ಇಡಿಸಿದೆ ಅಂತ ಹೇಳ್ಕೊತಾನೆ. ಯಾರಿಗೋಸ್ಕರ? ದನಕರುಗಳಿಗೆ ಮತ್ತು ಮನುಷ್ಯರಿಗೆ. ಪಶು ಅಂತ ಒಂದು ಪದ, ಮನುಷ್ಯ ಅಂತ ಒಂದು ಪದ. ನಡುವೆ ಮೂರನೇ ವರ್ಗ ಇಲ್ಲ.

ಅಶೋಕನನ್ನ ಹೊತ್ತು ಮೆರೆಸೋದು ನನ್ನ ಉದ್ದೇಶ ಅಲ್ಲ. ಅವನ ಕಾಲದಲ್ಲೂ ದಾಸರಿದ್ದರು, ಅವರನ್ನ ಚೆನ್ನಾಗಿ ನೋಡಿಕೊಳ್ಳಿ ಅಂದ, ಬಿಡಿ ಅನ್ನಲಿಲ್ಲ. ಆದರೂ ರಾಜ್ಯದ ಖರ್ಚಲ್ಲಿ ಕಟ್ಟಿದ ತಂಗುದಾಣಕ್ಕೆ ಇಂಥವರು ಬರಬೇಡಿ ಅಂತ ಒಂದು ಅಕ್ಷರ ಅವನ ಶಾಸನದಲ್ಲಿ ಕಾಣಲ್ಲ.

ದುರ್ಗದ ಪಕ್ಕದ ಚಂದ್ರವಳ್ಳಿಗೆ ಬನ್ನಿ. ಎಲ್ಲರೂ ಹೋಗ್ತಾರೆ, ಕೆರೆ ನೋಡ್ತಾರೆ, ಅಂಕಲಿ ಮಠದ ಗುಹೆಗೆ ಇಳೀತಾರೆ, ಸೆಲ್ಫಿ ತಗೋತಾರೆ. ಅಲ್ಲಿ ಮೊದಲು ಆರ್. ನರಸಿಂಹಾಚಾರ್, ಆಮೇಲೆ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ವೀಲರ್ ಅದೇ ವರ್ಷ ಬ್ರಹ್ಮಗಿರಿಯನ್ನೂ ಅಗೆಸಿದರು. ದೇಶಕ್ಕೆ ಸ್ವಾತಂತ್ರ್ಯ ಬರ್ತಿದ್ದ ವರ್ಷ ನಮ್ಮ ಜಿಲ್ಲೆಯ ಕೂಲಿಯವರು ಸಾವಿರಾರು ವರ್ಷದ ಸಮಾಧಿಗಳ ಮಣ್ಣು ಎತ್ತುತಿದ್ದರು. ಚಂದ್ರವಳ್ಳಿಯಲ್ಲಿ ರೋಮಿನ ದೊರೆಗಳಾದ ಅಗಸ್ಟಸ್, ಟೈಬೀರಿಯಸ್ ಇವರ ಬೆಳ್ಳಿ ನಾಣ್ಯ ಸಿಕ್ಕಿವೆ. ನಾಣ್ಯ ಬಂತು ಅಂದ್ರೆ ರೋಮಿನವನೇ ಬಂದ ಅಂತಲ್ಲ. ಸರಕು ಬಂದಿದೆ, ಸರಕು ಹೊತ್ತವರು ಬಂದಿದ್ದಾರೆ. ಹೊತ್ತವರೂ ಎಲ್ಲೋ ಮಲಗಿರಲೇಬೇಕಲ್ಲ.

ಅಲ್ಲೇ ಕದಂಬರ ಮಯೂರಶರ್ಮನ ಶಾಸನ ಐತೆ, ಕೆರೆ ಕಟ್ಟಿಸಿದ್ದರ ಬಗ್ಗೆ. ಈ ಮಯೂರಶರ್ಮನ ಕತೆ ನಿಮಗೆಲ್ಲ ಗೊತ್ತು, ರಾಜ್‌ಕುಮಾರ್ ಸಿನಿಮಾ ನೋಡಿರ್ತೀರಿ. ಓದೋಕೆ ಅಂತ ಕಂಚಿಗೆ ಹೋದ ಬ್ರಾಹ್ಮಣ ಹುಡುಗ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು, ಅವಮಾನ ಆಯ್ತು. ದರ್ಭೆ ಹಿಡಿಯೋ ಕೈಯಲ್ಲಿ ಕತ್ತಿ ಹಿಡಿದ, ರಾಜ್ಯ ಕಟ್ಟಿದ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಇದೆಲ್ಲ ಒಳ್ಳೆ ಸಂಸ್ಕೃತದಲ್ಲಿ ಕೆತ್ತಿದ್ದಾರೆ. ಪರಊರಿಗೆ ಹೋದ ಒಬ್ಬ ಬ್ರಾಹ್ಮಣ ವಿದ್ಯಾರ್ಥಿಗೆ ಒಂದು ಸಲ ಆದ ಅವಮಾನ ಕಲ್ಲಿನ ಮೇಲೆ ಉಳೀತು, ಪಠ್ಯಪುಸ್ತಕಕ್ಕೆ ಬಂತು, ಸಿನಿಮಾ ಆಯ್ತು. ಮಯೂರನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ರೋಷ ಬಂದಿದ್ದು ಸರಿಯಾಗೇ ಐತೆ. ಪರಊರಿಗೆ ಹೋದ ನಮ್ಮವರಿಗೆ ದಿನಾ ಆದದ್ದನ್ನ ಕೆತ್ತೋಕೆ ಹೋಗಿದ್ದರೆ ಜೋಗಿಮಟ್ಟಿಯ ಬಂಡೆ ಸಾಲುತ್ತಿರಲಿಲ್ಲ ಅಂತ ಹೇಳ್ತಿದೀನಿ ಅಷ್ಟೇ.

ಆಮೇಲಿನ ಸಾವಿರಾರು ವರ್ಷ ಛತ್ರಗಳ ಕಾಲ. ಅದನ್ನ ಬೇಗ ದಾಟಿಬಿಡ್ತೀನಿ. ಪುಣ್ಯಕ್ಕೆ ಅಂತ ಕಟ್ಟಿಸಿದ ಛತ್ರಗಳಲ್ಲಿ ಊಟದ ಪಂಕ್ತಿ ಯಾರದ್ದಾಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕೇರಿಯವನು ಸಂತೆಗೆ, ಜಾತ್ರೆಗೆ, ಕೋರ್ಟು ಕಚೇರಿಗೆ ದುರ್ಗಕ್ಕೆ ಬಂದರೆ ಮರದ ಬುಡ, ಬಂಡೆ ಮರೆ, ಇಲ್ಲಾಂದ್ರೆ ಇಲ್ಲಿನ ಕೇರಿಯ ನೆಂಟರ ಗುಡಿಸಲು. ಬುತ್ತಿ ಕಟ್ಟಿಕೊಂಡು ಬರೋದು ನಮ್ಮಲ್ಲಿ ರುಚಿಗೆ ಬಂದ ಪದ್ಧತಿ ಅಲ್ಲ.

ಬ್ರಿಟಿಷರ ಕಾಲಕ್ಕೆ ಬಂಗಲೆಗಳು ಬಂದವು. ಟ್ರಾವೆಲರ್ಸ್ ಬಂಗಲೆ, ಇನ್ಸ್‌ಪೆಕ್ಷನ್ ಬಂಗಲೆ, ಮುಸಾಫಿರ್‌ಖಾನೆ. ಈಗಿನ ಪ್ರವಾಸಿ ಮಂದಿರ, ಜನ ಈಗಲೂ ಐಬಿ ಅಂತಾರೆ. ಹೊಂಗೆ ಮರ, ಎತ್ತರದ ಮಾಡು, ಸುತ್ತ ವರಾಂಡ, ಹಿಂದೆ ಅಡುಗೆ ಮನೆ. ದೊರೆಗಳು ಕುದುರೆ ಮೇಲೆ ಬಂದು ತಂಗಿ, ಕೋಟೆ ನೋಡಿ, ಶಾಸನದ ಪ್ರತಿ ಎತ್ತಿಕೊಂಡು ಹೋಗ್ತಿದ್ದರು. ನಮ್ಮ ಇತಿಹಾಸದ ಬಹುಪಾಲು ಇಂಥ ವರಾಂಡಗಳಲ್ಲಿ ಕೂತವರೇ ಬರೆದಿದ್ದು. ಬರೆದದ್ದರಲ್ಲಿ ಸುಳ್ಳಿಲ್ಲದಿರಬಹುದು. ಅಂಗಳ ಗುಡಿಸ್ತಿದ್ದೋರಿಗೆ ವರಾಂಡದಲ್ಲಿ ಕೂತು ಬರೆಯೋ ಯೋಗ ಮಾತ್ರ ಇರಲಿಲ್ಲ.

ಗುಡಿಸ್ತಿದ್ದೋರಲ್ಲಿ ನಮ್ಮಜ್ಜಿ ಒಬ್ಬಳು. ಯಾವ ಬಂಗಲೆ ಅಂತ ಹೇಳಲ್ಲ, ನಮ್ಮ ಜಿಲ್ಲೆಯದೇ. ಒಳಗೆ ಮೇಟಿ ಇರ್ತಿದ್ದ, ಅಡುಗೆ ಮಾಡೋದು, ಹಾಸಿಗೆ ಹಾಸೋದು ಅವನ ಕೆಲಸ. ಅಜ್ಜಿಯದು ಹೊರಗಿನ ಕೆಲಸ. ಅಂಗಳ ಗುಡಿಸೋದು, ಸೌದೆ ಒಡೆದು ಹಿತ್ತಲಲ್ಲಿ ಒಟ್ಟೋದು, ಕಕ್ಕಸು ತೊಳೆಯೋದು. ವರಾಂಡದ ಮೆಟ್ಟಿಲು ಅವಳ ಗಡಿ. ಅವಳಿಗೆ ಸಾಹೇಬರುಗಳ ಮುಖ ಗೊತ್ತಿರಲಿಲ್ಲ, ವರಾಂಡದಲ್ಲಿ ಬಿಟ್ಟ ಬೂಟು ಗೊತ್ತಿದ್ದವು. "ಕೆಂಪು ಬೂಟಿನ ಸಾಹೇಬ ಒಳ್ಳೇನು ಕಣಪ್ಪ, ಹೋಗೋವಾಗ ನಾಲ್ಕಾಣೆ ಇಟ್ಟು ಹೋಗೋನು" ಅನ್ನೋಳು. ಕೈಗೆ ಕೊಡ್ತಿರಲಿಲ್ಲ, ಮೆಟ್ಟಿಲ ಮೇಲೆ ಇಡ್ತಿದ್ದ. ಅದು ಅವಳಿಗೆ ಹೇಳೋವಾಗ ಬೇಜಾರಿನ ವಿಷಯ ಆಗಿರಲಿಲ್ಲ, ನಮಗೆ ಕೇಳೋವಾಗ ಆಗ್ತಿತ್ತು.

2013ರ ಚುನಾವಣೆ ಕೆಲಸದಲ್ಲಿ ಅದೇ ಬಂಗಲೇಲಿ ನಂಗೊಂದು ರಾತ್ರಿ ಮಂಚ ಸಿಕ್ತು. ಒಳಗೆ ಏನಿರುತ್ತೆ ಅಂತ ಚಿಕ್ಕಂದಿನಿಂದ ಕುತೂಹಲ ಇತ್ತು. ಎರಡು ಮಂಚ, ಒಂದು ಕನ್ನಡಿ, ಕಿರ್ ಅನ್ನೋ ಫ್ಯಾನು, ಸೊಳ್ಳೆ. ಅಷ್ಟೇ ಕಣ್ರೀ. ಅಷ್ಟಕ್ಕೆ ಅಜ್ಜಿಯನ್ನ 30 ವರ್ಷ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದರು.

ಹಳೇ ಕೋಟೆ ನೋಡೋಕೆ ಹೋಗೋ ಆಸೆ ನಮಗೆ ಇರಲಿಲ್ಲ ಅಂತ ಯಾರಾದರೂ ತಿಳಿದಿದ್ದರೆ ಬಾಬಾಸಾಹೇಬರ 1934ರ ಪ್ರವಾಸ ಓದಬೇಕು. ಅವರೇ ಬರೆದಿದ್ದಾರೆ, 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಸಣ್ಣ ಪುಸ್ತಕದಲ್ಲಿ. ಚಳವಳಿಯ ಸಂಗಾತಿಗಳು ಸುಮಾರು 30 ಜನ, ವೆರೂಳದ ಬೌದ್ಧ ಗುಹೆಗಳನ್ನ, ಅಂದ್ರೆ ಎಲ್ಲೋರ, ನೋಡಲೇಬೇಕು ಅಂತ ಹೊರಟರು. ದಾರೀಲಿ ದೌಲತಾಬಾದ್ ಕೋಟೆ. ಇದು ಭಾಷಣದ ಪ್ರವಾಸ ಅಲ್ಲ, ನಾವೂ ನೀವೂ ಹೋಗ್ತೀವಲ್ಲ ಹಾಗೆ, ಜಾಗ ನೋಡೋಕೆ. ಬರ್ತೀವಿ ಅಂತ ಎಲ್ಲೂ ಸಾರಲಿಲ್ಲ, ಬೇಕಂತಲೇ. ಸಾರಿದರೆ ದಾರೀಲಿ ತೊಂದರೆ. ತಂಗೋ ಕಡೆ ಇರೋ ನಮ್ಮ ಜನಕ್ಕೆ ಮಾತ್ರ ಸುದ್ದಿ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿದವರು, ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದವರು, ತಮ್ಮ ದೇಶದಲ್ಲಿ ಒಂದು ಕೋಟೆ ನೋಡೋಕೆ ಗುಟ್ಟಾಗಿ ಹೋಗಬೇಕಿತ್ತು.

ಕೋಟೆ ಬಾಗಿಲ ಹೊರಗೆ ತುಂಬಿದ ಕೊಳ. ಮೈಯೆಲ್ಲ ದೂಳು. ಕೆಲವರು ಕೈಕಾಲು ಮುಖ ತೊಳ್ಕೊಂಡರು. ಒಬ್ಬ ಮುದುಕ ಹಿಂದಿನಿಂದ ಕೂಗ್ತಾ ಬಂದ, ಧೇಡರು ಕೊಳ ಮೈಲಿಗೆ ಮಾಡಿದರು ಅಂತ. ಜನ ಸೇರಿತು, ಬೈಗುಳ ಶುರುವಾಯ್ತು. ಕೊನೆಗೆ ಕೋಟೆ ನೋಡೋಕೆ ಬಿಟ್ಟರು, ಒಂದು ಷರತ್ತಿನ ಮೇಲೆ. ಒಳಗೆ ಎಲ್ಲೂ ನೀರು ಮುಟ್ಟಬಾರದು. ಮುಟ್ಟದ ಹಾಗೆ ನೋಡಿಕೊಳ್ಳೋಕೆ ಬಂದೂಕು ಹಿಡಿದ ಸಿಪಾಯಿಯನ್ನ ಜೊತೆಗೆ ಕಳಿಸಿದರು. ಪ್ರವಾಸಿಗೆ ಗೈಡು ಕೊಡ್ತಾರೆ. ಇವರಿಗೆ ಕಾವಲು ಕೊಟ್ಟರು.

ಆ ಮುದುಕ ಮುಸ್ಲಿಮ, ಅದು ನಿಜಾಮರ ರಾಜ್ಯ. ಈ ಪ್ರಸಂಗ ಹಿಡ್ಕೊಂಡು ಮುಸ್ಲಿಮರ ಮೇಲೆ ಹರಿಹಾಯೋ ಮಿತ್ರರು ದಯಮಾಡಿ ಆ ಪುಸ್ತಕದ ಉಳಿದ ಪುಟಗಳನ್ನೂ ತಿರುವಬೇಕು. ಬರೋಡದ ಪ್ರಸಂಗ ಅದರಲ್ಲೇ ಐತೆ. ಕೆಲಸಕ್ಕೆ ಅಂತ ಹೋದವರಿಗೆ ಹಿಂದೂ ಹೋಟೆಲಿನಲ್ಲಿ ಜಾಗ ಸಿಗಲ್ಲ ಅಂತ ಗೊತ್ತಿತ್ತು. ಪಾರ್ಸಿ ವಸತಿಗೃಹಕ್ಕೆ ಹೋದರು, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಪಾರ್ಸಿಗಳು ಹತ್ತು ಹನ್ನೆರಡು ಜನ ಬಂದರು. ಒಬ್ಬ ಹಿಂದೂ ಗೆಳೆಯನನ್ನ, ಒಬ್ಬ ಕ್ರೈಸ್ತ ಗೆಳೆಯನನ್ನ ಜಾಗ ಕೇಳಿದರು, ಇಬ್ಬರೂ ನೆಪ ಹೇಳಿದರು. ರೈಲಿನ ಹೊತ್ತಾಗೋವರೆಗೂ ಪಾರ್ಕಿನಲ್ಲಿ ಕೂತಿದ್ದರು. ನಾಲ್ಕು ಧರ್ಮದವರೂ ಅದೊಂದು ವಿಷಯದಲ್ಲಿ ಒಗ್ಗಟ್ಟು.

ಈಗ ಈಚಿನ ವಿಷಯ. ಹೋದ ಡಿಸೆಂಬರಿನಲ್ಲಿ ನಮ್ಮ ಓದುಬಳಗದ ಹುಡುಗ ಹುಡುಗೀರು, ನಾನು, ನನ್ನ ಮನೆಯವರು, ಒಟ್ಟು 9 ಜನ ಒಂದು ತೋಟದ ಮನೇಲಿ ಎರಡು ರಾತ್ರಿಗೆ ಅಂತ ಜಾಗ ಹಿಡಿದ್ವಿ. ಊರು ಬೇಡ, ತಾಲ್ಲೂಕೂ ಬೇಡ. ಹಳೇ ದೇವಸ್ಥಾನ, ವೀರಗಲ್ಲು, ಪಾಳುಬಿದ್ದ ಕೋಟೆ ಗೋಡೆ ಇರೋ ಜಾಗ. ಮನೆ ಅಂದ್ರೆ ಮನೆ ಕಣ್ರೀ, ಸುಳ್ಳು ಯಾಕೆ ಹೇಳಲಿ. ಕೆಂಪು ಗಾರೆ ನೆಲ, ಎಲ್ಲೋ ಕೆಡವಿದ ತೊಟ್ಟಿಮನೆಯಿಂದ ತಂದ ಹಳೇ ಕಂಬಗಳು, ಲಾಟೀನು, ತೆಂಗಿನ ಗರಿ ಮೇಲೆ ಬೀಳೋ ಬೆಳದಿಂಗಳು. ಹುಡುಗೀರು ರಾತ್ರಿ ಹನ್ನೊಂದರವರೆಗೂ ಜಗಲಿ ಬಿಟ್ಟು ಏಳಲಿಲ್ಲ. ನಡುಮನೆ ಗೋಡೆಗೆ ಅಲಂಕಾರಕ್ಕೆ ಅಂತ ಒಂದು ಒನಕೆ ತೂಗುಹಾಕಿದ್ದರು, ಕೆಳಗೆ ಒನಕೆ ಓಬವ್ವನ ಚಿತ್ರ. ರಾತ್ರಿ ಊಟ ಸ್ಟೀಲ್ ತಟ್ಟೇಲಿ, ಒಳಗೆ, ಆ ಒನಕೆ ಕೆಳಗೇ. ಮುದ್ದೆ, ಅವರೆಕಾಳು ಸಾರು. ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಬೆಳಿಗ್ಗೆ ಯಜಮಾನರ ತಾಯಿ, ಬಹಳ ಅಕ್ಕರೆಯ ಮುದುಕಿ, ನಮ್ಮ ಹುಡುಗಿ ಒಬ್ಬಳ ತಲೆ ಸವರಿ "ಯಾವ ಪೈಕಿ ಮಗಾ ನೀವು?" ಅಂದರು. ಅವಳು ನರ್ಸಿಂಗ್ ಓದ್ತಿರೋಳು, ಮುಚ್ಚಿಡೋ ಅಭ್ಯಾಸ ಇಲ್ಲ. "ನಾವು ಮಾದಿಗರು ಅಜ್ಜಿ" ಅಂದಳು. ಅಜ್ಜಿ "ಓ" ಅಂದು ಒಳಗೆ ಹೋದರು.

ಅರ್ಧ ಗಂಟೆಗೆ ತಿಂಡಿ ಬಂತು. ಜಗಲಿ ಮೇಲೆ. ಪೇಪರ್ ತಟ್ಟೆ, ಪೇಪರ್ ಲೋಟ. "ಬಿಸಿಲು ಚೆನ್ನಾಗೈತೆ ಸಾರ್, ಹೊರಗೇ ಕೂತ್ಕೊಳ್ಳಿ" ಅಂದರು ಯಜಮಾನರು. ನಾನು ಮೆಲ್ಲಗೆ ಕೇಳಿದೆ, "ಯಜಮಾನ್ರೆ, ರಾತ್ರಿ ಸ್ಟೀಲ್ ತಟ್ಟೆ ಇದ್ವಲ್ಲ?" ಅವರು, "ನೀರಿನ ತೊಂದ್ರೆ ಸಾರ್, ತೊಳೆಯೋಕೆ ಆಗಲ್ಲ." ಅವರ ಹಿಂದೆ ಮೋಟರ್ ಓಡ್ತಿತ್ತು. ಅಡಿಕೆ ಗಿಡಗಳಿಗೆ ನೀರು ಹರೀತಿತ್ತು.

ಯಾರೂ ಬೈಯಲಿಲ್ಲ. ಯಾರೂ ಹೊರಗೆ ಹೋಗಿ ಅನ್ನಲಿಲ್ಲ. ನಗುಮುಖ ಒಂಚೂರೂ ಕಮ್ಮಿ ಆಗಲಿಲ್ಲ. ಈಗಿನ ಅಸ್ಪೃಶ್ಯತೆ ಬಂದೂಕು ಹಿಡಿದು ಹಿಂದೆ ಬರಲ್ಲ, ಇನ್ನೊಂದು ಇಡ್ಲಿ ಹಾಕಲಾ ಅಂತ ಕೇಳುತ್ತೆ.

ನಾನು ಏನು ಮಾತಾಡಬೇಕು ಅಂತ ಜೋಡಿಸ್ಕೊಳ್ತಿದ್ದೆ. ಅಷ್ಟರಲ್ಲಿ ಆ ಹುಡುಗಿ ಎದ್ದಳು. ಸೀದಾ ನಡುಮನೆಗೆ ಹೋದಳು, ಗೂಡಿನಿಂದ 9 ಸ್ಟೀಲ್ ತಟ್ಟೆ ತಗೊಂಡಳು, ನಲ್ಲಿ ಹತ್ರ ತೊಳೆದಳು, ಒಬ್ಬೊಬ್ಬರ ಮುಂದೆ ಇಟ್ಟಳು. ತಿಂಡಿ ತಿಂದ್ವಿ. ಆಮೇಲೆ ಎಲ್ಲಾ ತಟ್ಟೆ ತಾನೇ ತೊಳೆದು ಅದೇ ಗೂಡಿಗೆ ವಾಪಸ್ ಜೋಡಿಸಿದಳು. ಯಜಮಾನರು ಕಂಬ ಹಿಡ್ಕೊಂಡು ನೋಡ್ತಾ ನಿಂತಿದ್ದರು. ಅಜ್ಜಿ ಹೊರಗೆ ಬರಲಿಲ್ಲ. ಎರಡನೇ ರಾತ್ರಿಯೂ ಅಲ್ಲೇ ಉಳಿದ್ವಿ, ದುಡ್ಡು ಕೊಟ್ಟಿದ್ವಿ, ಯಾಕೆ ಹೋಗಬೇಕು? ರಾತ್ರಿ ಊಟ ಸ್ಟೀಲ್ ತಟ್ಟೇಲೇ ಬಂತು. ನಾವು ಹೋದ ಮೇಲೆ ಆ ತಟ್ಟೆಗಳು ಏನಾದವೋ ನಂಗೆ ಗೊತ್ತಿಲ್ಲ.

ಗೋಡೆ ಮೇಲಿನ ಆ ಒನಕೆ ಬಗ್ಗೆ ಎರಡು ಮಾತು. ಓಬವ್ವ ಛಲವಾದಿ ಹೆಣ್ಣುಮಗಳು. ಗಂಡ ಕಹಳೆ ಮುದ್ದಹನುಮ, ಕೋಟೆ ಕಾವಲಿನವನು. ಅವನು ಊಟಕ್ಕೆ ಕೂತಿದ್ದಾಗ ನೀರು ತರೋಕೆ ಹೋದವಳು ಕಿಂಡಿಯಲ್ಲಿ ನುಸುಳ್ತಿದ್ದ ಹೈದರಾಲಿಯ ಸೈನಿಕರನ್ನ ಕಂಡಳು. ಮುಂದಿನದು ನಿಮಗೆ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂದ ಮೇಲೆ ನಾಡಿಗೇ ಗೊತ್ತು. ಈಗ ಪ್ರತಿ ನವೆಂಬರ್ 11ಕ್ಕೆ ಸರ್ಕಾರ ಜಯಂತಿ ಮಾಡುತ್ತೆ. ಕೋಟೆ ಉಳಿಸೋಕೆ ಅವಳು ಬೇಕು, ಪಟಕ್ಕೆ ಬೇಕು, ಗೋಡೆ ಮೇಲಿನ ಒನಕೆಗೆ ಬೇಕು. ಅವಳೇ ಸಂಜೆ ಹೊತ್ತು ಆ ಮನೆಗೆ ಬಂದು ಒಂದು ರಾತ್ರಿ ಜಾಗ ಕೊಡ್ರಪ್ಪ ಅಂದಿದ್ದರೆ ಯಾವ ತಟ್ಟೇಲಿ ಇಡ್ತಿದ್ದರು?

ಪೇಪರ್ ತಟ್ಟೆ ಅಂಥ ದೊಡ್ಡ ವಿಷಯನಾ ಅಂತ ಕೇಳೋರು ನಮ್ಮಲ್ಲೂ ಇದ್ದಾರೆ. ಕಾಯ್ದೆ ಮಾಡಿದವರಿಗೆ ದೊಡ್ಡ ವಿಷಯ ಅಂತ ಗೊತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1943ರಲ್ಲೇ ನಾಗರಿಕ ಅನರ್ಹತೆಗಳನ್ನ ತೆಗೆಯೋ ಕಾಯ್ದೆ ಬಂದಿತ್ತು. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಅಂತ ಒಂದೊಂದೇ ಹೆಸರಿಸಿದ್ದಾರೆ. ದೌಲತಾಬಾದಿನ ಕೊಳ ನೆನಪಿದ್ದವರ ಕೈ ಅದರಲ್ಲಿ ಕಾಣುತ್ತೆ ಅಂತ ನನಗನಿಸುತ್ತೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಿಂದ ಇದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಇದರ 4ನೇ ಕಲಮು ತೆಗೆದು ನೋಡಿ. ಹೋಟೆಲು, ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆಗಳಲ್ಲಿ ಸಾರ್ವಜನಿಕರಿಗೆ ಅಂತ ಇಟ್ಟ ಪಾತ್ರೆಪಗಡ ಬಳಸೋಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅಪರಾಧ. ಪಾತ್ರೆ ಅನ್ನೋ ಮಾತೇ ಐತೆ. ವಸತಿಗೃಹ, ಲಾಡ್ಜು ಎಲ್ಲಾ 'ಹೋಟೆಲ್' ಅನ್ನೋದರೊಳಗೆ ಬರುತ್ತೆ ಅಂತ 2ನೇ ಕಲಮು ಹೇಳುತ್ತೆ. ಶಿಕ್ಷೆ ಒಂದು ತಿಂಗಳಿಗೆ ಕಮ್ಮಿ ಇಲ್ಲದ, ಆರು ತಿಂಗಳು ಮೀರದ ಜೈಲು, 100ರಿಂದ 500 ರೂಪಾಯಿ ದಂಡ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದಾಗ ಅದರಲ್ಲೂ ಸಾರ್ವಜನಿಕ ಜಾಗದ ಪಾತ್ರೆಗಳ ಮಾತು ಸೇರಿಸಿದರು, ಅಲ್ಲಿ ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ತೋಟದ ಮನೆ ಅಂದ ಮಾತ್ರಕ್ಕೆ ಅದು ಖಾಸಗಿ ಅಲ್ಲ. ಬೋರ್ಡು ಹಾಕಿ, ದರ ಹೇಳಿ, ಬಂದವರಿಗೆಲ್ಲ ಬಾಗಿಲು ತೆಗೆದ ಮೇಲೆ ಅದು ಮುಸಾಫಿರ್‌ಖಾನೆಯೇ.

ಕಾಯ್ದೆ ಇದ್ದರೆ ಆಯ್ತಾ? 2019ರ ಸೆಪ್ಟೆಂಬರಿನಲ್ಲಿ ನಮ್ಮದೇ ಚಿತ್ರದುರ್ಗ ಕ್ಷೇತ್ರದ ಸಂಸದರನ್ನ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಒಳಗೆ ಬಿಡಲಿಲ್ಲ. ಹೊರಗೇ ಕುರ್ಚಿ ಹಾಕಿದರು, ಕೂತು ಮಾತಾಡಿ ವಾಪಸ್ ಬಂದರು. ಪೇಪರಿನಲ್ಲೆಲ್ಲ ಬಂತು. ದೆಹಲಿಯ ಸಂಸತ್ ಭವನದಲ್ಲಿ ಕುರ್ಚಿ ಇದ್ದವರಿಗೆ ಹಟ್ಟಿ ಹೊರಗೆ ಕುರ್ಚಿ.

ಇಂಥ ಕಡೆ ಬೇರೆಯವರು ಏನು ಮಾಡಿದರು ಅಂತ ಹುಡುಕ್ತಿದ್ದಾಗ ಒಬ್ಬ ಪೋಸ್ಟ್‌ಮ್ಯಾನ್ ಸಿಕ್ಕಿದ. ಅಮೆರಿಕದ ನ್ಯೂಯಾರ್ಕಿನ ಹಾರ್ಲೆಮ್‌ನ ವಿಕ್ಟರ್ ಹ್ಯೂಗೋ ಗ್ರೀನ್. ಬಾಬಾಸಾಹೇಬರು ದೌಲತಾಬಾದಿಗೆ ಹೋದ ಎರಡು ವರ್ಷಕ್ಕೆ, 1936ರಲ್ಲಿ, ಒಂದು ಸಣ್ಣ ಕೈಪಿಡಿ ತಂದ. ಕಪ್ಪು ಜನ ಕಾರಿನಲ್ಲಿ ಊರಿಂದೂರಿಗೆ ಹೋಗೋವಾಗ ಯಾವ ಹೋಟೆಲು ಊಟ ಕೊಡುತ್ತೆ, ಯಾವ ಮನೆ ಮಲಗೋಕೆ ಜಾಗ ಕೊಡುತ್ತೆ, ಯಾವ ಬಂಕಿನಲ್ಲಿ ಪೆಟ್ರೋಲ್ ಹಾಕ್ತಾರೆ ಅನ್ನೋ ಪಟ್ಟಿ. ಜನ ಅದನ್ನ 'ಗ್ರೀನ್ ಬುಕ್' ಅಂದರು. ಕೊಡದವರನ್ನ ಬೈಯೋ ಪಟ್ಟಿ ಅಲ್ಲ, ಕೊಡೋರ ಪಟ್ಟಿ ಮಾತ್ರ. ಅದರಲ್ಲಿ 'ಟೂರಿಸ್ಟ್ ಹೋಂ' ಅಂತ ಒಂದು ಭಾಗ ಇರ್ತಿತ್ತು, ಕಪ್ಪು ಹೆಣ್ಣುಮಕ್ಕಳೇ ತಮ್ಮ ಮನೆಯ ಒಂದೆರಡು ಕೋಣೆ ಪ್ರಯಾಣಿಕರಿಗೆ ಬಿಟ್ಟುಕೊಡ್ತಿದ್ದರು. ಈಗಿನ ಹೋಂ ಸ್ಟೇ ಅಂದ್ರೆ ಅದೇ. ಅಲ್ಲಿ ಹೋಟೆಲುಗಳಲ್ಲಿ ಭೇದ ಮಾಡಬಾರದು ಅನ್ನೋ ಕಾಯ್ದೆ ಬಂದದ್ದು 1964ರಲ್ಲಿ, ನಮ್ಮದಕ್ಕಿಂತ 9 ವರ್ಷ ತಡ. ಆಮೇಲೆ ಎರಡು ಮೂರು ವರ್ಷದಲ್ಲಿ ಗ್ರೀನ್ ಬುಕ್ ನಿಂತುಹೋಯ್ತು. ಸರ್ಕಾರಿ ನೌಕರ, ಟಪಾಲು ಹಂಚೋನು, ಸಂಜೆ ಕೂತು ವಿಳಾಸ ಬರೆದುಕೊಂಡ. ಚಪಡನ ಸಾಲಿಗೆ ಇನ್ನೊಬ್ಬ.

ನಮ್ಮ ಓದುಬಳಗದವರು ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಬ್ರಹ್ಮಗಿರಿ, ಚಂದ್ರವಳ್ಳಿ, ದುರ್ಗದ ಕೋಟೆ, ಹೆಗ್ಗೆರೆ ಬಸದಿ, ಮಾರಿಕಣಿವೆ, ಹೀಗೆ ಜಾಗದ ಹೆಸರು ಒಂದು ಕಡೆ, ಅಲ್ಲಿ ನಮ್ಮನ್ನ ನಮ್ಮ ಹೆಸರಲ್ಲೇ ಉಳಿಸಿಕೊಂಡು ಒಂದೇ ತಟ್ಟೇಲಿ ಉಣ್ಣಿಸೋ ಮನೆ, ಹೋಟೆಲು ಇನ್ನೊಂದು ಕಡೆ. ಎಲ್ಲಾ ಜಾತಿಯವರ ಮನೆಯೂ ಬರಬೇಕು, ಬಂದಿವೆ ಕೂಡ. ಇಲ್ಲೀವರೆಗೆ 14 ಆಗಿವೆ. ನಿಮಗೆ ಗೊತ್ತಿರೋವು ಇದ್ದರೆ ಇನ್‌ಬಾಕ್ಸಿಗೆ ಕಳಿಸಿ. ಕೆಟ್ಟವರ ಹೆಸರು ಬೇಡ, ಒಳ್ಳೆಯವರದು ಮಾತ್ರ. ಅವರನ್ನ ಕೇಳಿ, ಒಪ್ಪಿಗೆ ತಗೊಂಡು ಕಳಿಸಿ.

ನೋಟ್‌ಬುಕ್ಕಿನ ಮೊದಲ ನಮೂದು ಹಿರಿಯೂರು ಕಡೆಯ ಒಂದು ಎ.ಕೆ. ಕಾಲೋನಿಯ ಅಜ್ಜಿಯದು. ಮಗ ಬೆಂಗಳೂರಿನಲ್ಲಿ ಡ್ರೈವರ್, ಎರಡು ಕೋಣೆ ಖಾಲಿ ಬಿದ್ದಿದ್ದವು. ಹಾಸಿಗೆ ಐತೆ, ಕಕ್ಕಸು ಐತೆ, ಮುದ್ದೆ ಸಾರು ಐತೆ, ಲಾಟೀನು ಇಲ್ಲ, ಟ್ಯೂಬ್‌ಲೈಟು. ದರ ಎಷ್ಟು ಬರೀಲಿ ಅಜ್ಜಿ ಅಂತ ಹುಡುಗರು ಕೇಳಿದರೆ ಆಯಮ್ಮ ದರದ ಮಾತು ಬಿಟ್ಟು, ಹೊರ ಊರಿನ ಕಾರಿನವರೂ ಬರ್ತಾರಾ, ಬಂದರೆ ನಮ್ಮ ಮನೇಲಿ ಉಣ್ತಾರಾ ಅಂತ ಕೇಳಿದಳಂತೆ. ಹುಡುಗರು ದರದ ಕಾಲಂ ಖಾಲಿ ಬಿಟ್ಟು ಬಂದಿದ್ದಾರೆ. ಮುಂದಿನ ತಿಂಗಳು ಅಲ್ಲಿಂದಲೇ ಬ್ರಹ್ಮಗಿರಿಗೆ ಹೊರಡ್ತಿದೀವಿ, 22 ಜನ ಹೆಸರು ಕೊಟ್ಟಿದ್ದಾರೆ. ಬರೋರು ಟಾರ್ಚು, ಹೊದಿಕೆ ತನ್ನಿ. ತಟ್ಟೆ ತರೋದು ಬೇಡ.